ಬಳ್ಳಿ ಗುಲಾಬಿಯ ಕೋಲು ಕತ್ತರಿಸಬೇಡಿ, ಬಗ್ಗಿಸಿ ಕಟ್ಟಿ

ಪ್ರಶ್ನೆ: ಅಕ್ಕಾ, ನಮ್ಮ ಮನೆ ಕಾಪು ಹತ್ತಿರ. ಎರಡು ವರ್ಷದ ಹಿಂದೆ ಪಾಗಾರದ (ಕಾಂಪೌಂಡ್ ಗೋಡೆಯ) ಬುಡದಲ್ಲಿ ಕೆಂಪು ಬಳ್ಳಿ ಗುಲಾಬಿ ನೆಟ್ಟೆ. ಒಳ್ಳೆ ಪರಿಮಳ, ಆದರೆ ಹೂ ಬಿಡುವುದು ಹತ್ತಡಿ ಮೇಲೆ ತುದಿಯಲ್ಲಿ, ಅದೂ ನಾಲ್ಕೈದು. ಮಳೆ ಮುಗಿದ ಮೇಲೆ ಬೇರೆ ಗುಲಾಬಿಗಳ ಹಾಗೆ ಗಿಡ್ಡ ಕತ್ತರಿಸುತ್ತೇನೆ. ಮಳೆಗಾಲದಲ್ಲಿ ಎಲೆಗೆ ಕಪ್ಪು ಚುಕ್ಕೆ ಬಂದು ಉದುರುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಆ ಕತ್ತರಿ ಒಳಗಿಡಿ. ಬಳ್ಳಿ ಗುಲಾಬಿಯನ್ನು ಬುಡಕ್ಕೆ ಕತ್ತರಿಸಿದರೆ ಪಾಪ, ಅದರ ಶಕ್ತಿಯೆಲ್ಲ ಮತ್ತೆ ಉದ್ದ ಕೋಲು ಬಿಡುವುದಕ್ಕೇ ಹೋಗುತ್ತದೆ. ಕೋಲು ನೆಟ್ಟಗೆ ನಿಂತಿದ್ದರೆ ತುದಿಯ ಚಿಗುರು ಕೆಳಗಿನ ಕಣ್ಣುಗಳನ್ನು, ಅಂದರೆ ಕವಲೊಡೆಯುವ ಮೊಳಕೆಗಳನ್ನು, ಏಳಲು ಬಿಡುವುದಿಲ್ಲ, ಹೂವೆಲ್ಲ ಮೇಲೆ ಹೋಗುವುದು ಅದಕ್ಕೇ. ಅದೇ ಕೋಲನ್ನು ಪಾಗಾರದ ಉದ್ದಕ್ಕೆ ಅಡ್ಡ ಕಟ್ಟಿ ನೋಡಿ. ಎಲೆಬುಡದ ಕಣ್ಣುಗಳು ಮೊದಲು ಕೆಂಪಗೆ ಉಬ್ಬುತ್ತವೆ, ಆಮೇಲೆ ಸಾಲಾಗಿ ಗೇಣುದ್ದದ ಕವಲು ಎದ್ದು ಅದರ ತುದಿಯಲ್ಲಿ ಮೊಗ್ಗು ಕಾಣಿಸುತ್ತದೆ. ನಮ್ಮ ಬಾವಿಕಟ್ಟೆ ಪಕ್ಕ ಡಾನ್ ಜುವಾನ್ ಇದೆ, 1958ರಲ್ಲಿ ಬಂದ ಕಡುಕೆಂಪು ತಳಿ. ಅಡ್ಡ ಮಲಗಿಸಿದ ಒಂದೇ ಕೋಲಿನಲ್ಲಿ ಹನ್ನೊಂದು ಮೊಗ್ಗು ಎಣಿಸಿದ್ದೇನೆ!

ಬಗ್ಗಿಸುವುದು ಹಸಿರು ಕೋಲನ್ನು ಮಾತ್ರ, ಅದನ್ನೂ ಒಂದೇ ದಿನದಲ್ಲಿ ಅಲ್ಲ, ವಾರಕ್ಕೆ ಸ್ವಲ್ಪ ಸ್ವಲ್ಪ. ಬಲಿತದ್ದು ಟಕ್ ಅಂತ ಮುರಿಯುತ್ತದೆ. ಹಳೇ ಸೀರೆ ಹರಿದು ಸಡಿಲವಾಗಿ ಕಟ್ಟಿ. ಬಾಳೆನಾರು ಮಳೆಗೆ ಕೊಳೆಯುತ್ತದೆ, ತಂತಿ ಸಿಪ್ಪೆ ಕೊಯ್ಯುತ್ತದೆ. ಕೆಂಪುಕಲ್ಲಿನ ಪಾಗಾರಕ್ಕೂ ಬಳ್ಳಿಗೂ ಮಧ್ಯೆ ಒಂದು ಗೇಣು ಜಾಗ ಇರಲಿ, ಗಾಳಿ ಆಡಬೇಕು.

ಕಪ್ಪು ಚುಕ್ಕೆ ಒಂದು ಶಿಲೀಂಧ್ರ. ಎಲೆ ಏಳು ಗಂಟೆ ಒದ್ದೆ ಇದ್ದರೂ ಸಾಕು, ಹತ್ತಿಕೊಳ್ಳುತ್ತದೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಉಡುಪಿಯಲ್ಲಿ ಅದನ್ನು ಪೂರ್ತಿ ತಡೆಯುವುದು ಕಷ್ಟ, ಗಾಬರಿಯಾಗಬೇಡಿ. ಉದುರಿದ ಎಲೆ ಬುಡದಲ್ಲಿ ಬಿಡದೆ ಹೆಕ್ಕಿ ಸುಟ್ಟುಬಿಡಿ. ಬೇಸಿಗೆಯಲ್ಲಿ ನೀರು ಬುಡಕ್ಕೇ ಹಾಕಿ, ಎಲೆಗೆ ಬೇಡ. ದೀಪಾವಳಿ ಹೊತ್ತಿಗೆ ಸುಡುಮಣ್ಣು (ತರಗೆಲೆ, ಕಸದ ಜೊತೆ ಸುಟ್ಟ ಮಣ್ಣು), ಹಟ್ಟಿಗೊಬ್ಬರ ಕೊಡಿ. ನೆಲಗಡಲೆ ಹಿಂಡಿ ನೆನೆಸಿ ತೆಳ್ಳಗೆ ಮಾಡಿ ಹಾಕಿದರೂ ಒಳ್ಳೆಯದು, ನಿಮ್ಮ ಪಕ್ಕದ ಶಂಕರಪುರದ ಮಲ್ಲಿಗೆಯವರನ್ನು ಕೇಳಿದರೆ ಹೇಳುತ್ತಾರೆ.

ಇನ್ನೊಂದು, ಬುಡದ ಕಸಿ ಗಂಟು ನೋಡಿ, ಕಾಡು ಗುಲಾಬಿಯ ಬುಡಕ್ಕೆ ನಮ್ಮ ತಳಿಯನ್ನು ಕೂಡಿಸಿದ ಜಾಗ ಅದು. ಅದರ ಕೆಳಗಿಂದ ಬಂದ ಕೋಲು ಕಾಡು ಗುಲಾಬಿಯದು, ಬುಡದಿಂದಲೇ ಕಿತ್ತುಬಿಡಿ.

ಕತ್ತರಿಗೂ ಕೆಲಸ ಇದೆ. ಹೂ ಬಾಡಿದ ಮೇಲೆ ಆ ಚಿಕ್ಕ ಕವಲನ್ನು ಮಾತ್ರ ಎರಡು ಮೂರು ಕಣ್ಣು ಬಿಟ್ಟು ಕತ್ತರಿಸಿ. ಮುಂದಿನ ಹೂ ಅಲ್ಲಿಂದಲೇ ಬರುತ್ತದೆ, ನಿಮ್ಮ ಕೈಗೆ ಸಿಗುವ ಎತ್ತರದಲ್ಲಿ. ಬಿಸಿಲೇರುವ ಮೊದಲು ಹೋಗಿ ಮೂಸಿ, ಪರಿಮಳ ಆಗಲೇ ಜಾಸ್ತಿ.