ಪಕ್ಷದ ಬೆಂಬಲವಿಲ್ಲದೆ ಎಲಿನೋರ್ ರಾಥ್‌ಬೋನ್ ಯುದ್ಧಕಾಲದ ಬ್ರಿಟಿಷ್ ಸಂಸತ್ತಿನಲ್ಲಿ ಉಳಿದದ್ದು ಹೇಗೆ?

ಅವರ ಕ್ಷೇತ್ರದ ಸ್ವರೂಪವೇ ಇದಕ್ಕೆ ಮುಖ್ಯ ಕಾರಣ. 1929ರಿಂದ 1946ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಅವರು ಪ್ರತಿನಿಧಿಸಿದ್ದು ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ಸಂಯುಕ್ತ ಕ್ಷೇತ್ರವನ್ನು. ಅಲ್ಲಿ ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಗಳಂತೆ ಪದವೀಧರರೇ ಪ್ರಾಶಸ್ತ್ಯದ ಮತ ನೀಡುತ್ತಿದ್ದುದರಿಂದ, ಪಕ್ಷದ ಟಿಕೆಟ್ಟಾಗಲಿ ಕಾರ್ಯಕರ್ತರ ಪಡೆಯಾಗಲಿ ಇಲ್ಲದೆಯೂ ಗೆಲ್ಲಬಹುದಿತ್ತು. ಗೆದ್ದ ಮೇಲೆ ಯಾವ ಪಕ್ಷದ ವಿಪ್‌ಗೂ, ಅಂದರೆ ಮತದಾನದ ಆದೇಶಕ್ಕೂ, ತಲೆಬಾಗಬೇಕಿರಲಿಲ್ಲ.

ಈ ಸ್ವಾತಂತ್ರ್ಯವನ್ನು ಅವರು ಪೂರ್ತಿಯಾಗಿ ಬಳಸಿಕೊಂಡರು. ನಾಜಿಗಳ ಕೈಗೆ ಸಿಕ್ಕ ಯಹೂದಿಯರನ್ನು ಉಳಿಸಬೇಕೆಂದು ಸಚಿವರನ್ನು ಎಡೆಬಿಡದೆ ಪ್ರಶ್ನಿಸಿದರು. 1945ರ ಕುಟುಂಬ ಭತ್ಯೆಯ ಮಸೂದೆ ಅವರ ದಶಕಗಳ ಹೋರಾಟದ ಫಲ. ಆದರೂ ಎರಡನೆಯ ಮಗುವಿನಿಂದ ವಾರಕ್ಕೆ ತಲಾ 5 ಶಿಲಿಂಗ್ ನೀಡುವ ಆ ಹಣ ತಂದೆಯ ಕೈಸೇರುವುದಾದರೆ ಮಸೂದೆಯನ್ನೇ ವಿರೋಧಿಸುವುದಾಗಿ ಪಟ್ಟುಹಿಡಿದರು. ಕೊನೆಗೆ ಅದು ತಾಯಂದಿರಿಗೇ ಸಂದಿತು.