ಲಿಪೊಸೋಮಲ್ ವಿಟಮಿನ್ ಸಿಗೆ ಅಷ್ಟು ದುಡ್ಡು ಕೊಡಬೇಕಾ?

ಸಾಮಾನ್ಯ ವಿಟಮಿನ್ ಸಿ ಮಾತ್ರೆ ಬಿಟ್ಟು, ಹಲವು ಪಟ್ಟು ದುಬಾರಿಯಾದ ಲಿಪೊಸೋಮಲ್ ತಗೊಂಡರೆ ನಿಜವಾಗಿ ಲಾಭ ಇದೆಯಾ ಅಂತ ಕೇಳಿದ್ದೀರಿ. ನಾನು ಉಡುಪಿಯಲ್ಲಿ ಮೆಡಿಕಲ್ ಶಾಪಿನ ಫಾರ್ಮಸಿಸ್ಟ್. ಕೌಂಟರಿನಲ್ಲೂ ಈಗೀಗ ಇದನ್ನೇ ಕೇಳುತ್ತಾರೆ. ವಿಟಮಿನ್ ಸಿ ಮಟ್ಟಿಗೆ ಹೆಚ್ಚಿನವರಿಗೆ ಬೇಡ ಅಂತಲೇ ಹೇಳುತ್ತೇನೆ.

ಹಾಗಂತ ಲಿಪೊಸೋಮ್ ಸುಳ್ಳಲ್ಲ. ಫಾಸ್ಫೊಲಿಪಿಡ್ ಎಂಬ ಕೊಬ್ಬು ನೀರಿಗೆ ಬಿದ್ದರೆ ತಾನಾಗಿಯೇ ಎರಡು ಪದರದ ಪುಟ್ಟ ಗುಳ್ಳೆಯಾಗುತ್ತದೆ, ಅದೇ ಲಿಪೊಸೋಮ್. 1960ರ ದಶಕದಲ್ಲಿ ಇದನ್ನು ಕಂಡುಕೊಂಡವರು ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್. ನಮ್ಮ ಜೀವಕೋಶದ ಪೊರೆಯೂ ಅದೇ ಜಾತಿಯದು. ಗುಳ್ಳೆಯೊಳಗೆ ಔಷಧ ತುಂಬಿಸಬಹುದು. 2021ರಲ್ಲಿ ಬ್ಲ್ಯಾಕ್ ಫಂಗಸ್ ಬಂದಾಗ ಎಲ್ಲರೂ ಹುಡುಕಾಡಿದ ಲಿಪೊಸೋಮಲ್ ಆಂಫೊಟೆರಿಸಿನ್ ನೆನಪಿದೆಯಲ್ವಾ? ಹಳೆಯ ರೂಪದ ಆಂಫೊಟೆರಿಸಿನ್‌ಗಿಂತ ಅದರಿಂದ ಕಿಡ್ನಿಗೆ ತೊಂದರೆ ಕಡಿಮೆ.

ಆದರೆ ಅದು ಇಂಜೆಕ್ಷನ್, ನೇರ ರಕ್ತಕ್ಕೆ ಹೋಗುತ್ತದೆ. ನೀವು ನುಂಗುವ ಗುಳ್ಳೆ ಹೊಟ್ಟೆಯ ಆಮ್ಲ ದಾಟಬೇಕು, ಆಮೇಲೆ ಪಿತ್ತರಸ ಮತ್ತು ಮೇದೋಜೀರಕದ ಕಿಣ್ವಗಳನ್ನು ಎದುರಿಸಬೇಕು. ಕೊಬ್ಬನ್ನು ಒಡೆಯುವುದೇ ಅವುಗಳ ಕೆಲಸ! ಎಷ್ಟು ಗುಳ್ಳೆ ಉಳಿಯುತ್ತದೆ ಎನ್ನುವುದು ಅದನ್ನು ಎಷ್ಟು ಚೆನ್ನಾಗಿ ತಯಾರಿಸಿದ್ದಾರೆ ಎನ್ನುವುದರ ಮೇಲೆ ನಿಂತಿದೆ.

ವಿಟಮಿನ್ ಸಿಯನ್ನು ಒಳಗೆ ಎಳೆದುಕೊಳ್ಳಲು ಕರುಳಿನಲ್ಲಿ ವಾಹಕ ಪ್ರೋಟೀನ್‌ಗಳಿವೆ. ದಿನಕ್ಕೆ 30ರಿಂದ 180 ಮಿಲಿಗ್ರಾಂ ತಗೊಂಡರೆ ಶೇ. 70ರಿಂದ 90ರಷ್ಟು ಸೇರುತ್ತದೆ. 1 ಗ್ರಾಂ ದಾಟಿದರೆ ಅರ್ಧಕ್ಕಿಂತ ಕಡಿಮೆ. ಲಿಪೊಸೋಮಲ್ ಮಾರುವವರು ಈ ಎರಡನೇ ಅಂಕಿಯನ್ನೇ ತೋರಿಸುತ್ತಾರೆ. 2016ರ ಒಂದು ಅಧ್ಯಯನದಲ್ಲಿ 4 ಗ್ರಾಂ ಕೊಟ್ಟಾಗ ರಕ್ತದಲ್ಲಿ ಸಾಮಾನ್ಯ ಸಿಗಿಂತ ಲಿಪೊಸೋಮಲ್ ಜಾಸ್ತಿ ಕಂಡಿದ್ದೂ ನಿಜ. ಆದರೆ ಅದರಲ್ಲಿ ಇದ್ದವರು ಬರೀ 11 ಜನ. ಅಲ್ಲದೆ ನಮಗೆ 4 ಗ್ರಾಂ ಯಾಕೆ ಬೇಕು? ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿದ್ದು ಗಂಡಸರಿಗೆ ದಿನಕ್ಕೆ 80, ಹೆಂಗಸರಿಗೆ 65 ಮಿಲಿಗ್ರಾಂ. 100 ಗ್ರಾಂ ಪೇರಳೆಯಲ್ಲೇ ಸುಮಾರು 200 ಮಿಲಿಗ್ರಾಂ ಇರುತ್ತದೆ. ಸಂತೆಯಲ್ಲಿ ಪೇರಳೆ ಸಿಗುವಾಗ ಆ ಬಾಟಲಿ ಮಾರಲು ನನಗೆ ಮನಸ್ಸೇ ಬರುವುದಿಲ್ಲ.

ಆದರೂ ತಗೊಳ್ಳುತ್ತೀರಾದರೆ ಲೇಬಲ್ ಓದಿ. ಲೆಸಿಥಿನ್ (ಸೋಯಾ, ಮೊಟ್ಟೆಯಿಂದ ತೆಗೆಯುವ ಫಾಸ್ಫೊಲಿಪಿಡ್ ಮಿಶ್ರಣ) ಮತ್ತು ವಿಟಮಿನ್ ಸುಮ್ನೆ ಬೆರೆಸಿದರೆ ವಿಟಮಿನ್ ಸರಿಯಾಗಿ ತುಂಬಿದ ಲಿಪೊಸೋಮ್ ಆಗುವುದಿಲ್ಲ. ಗುಳ್ಳೆಯ ಗಾತ್ರ ಎಷ್ಟು ನ್ಯಾನೊಮೀಟರ್, ವಿಟಮಿನ್‌ನ ಶೇಕಡಾ ಎಷ್ಟು ಪಾಲು ಗುಳ್ಳೆಯೊಳಗೆ ಸೇರಿದೆ, ಈ ಎರಡಕ್ಕೂ ಲ್ಯಾಬ್ ರಿಪೋರ್ಟ್ ಕೊಡಿ ಅಂತ ಕಂಪನಿಗೆ ಬರೆದು ಕೇಳಿ. ಒಣ ಪುಡಿ, ಕ್ಯಾಪ್ಸೂಲ್ ಆದರೆ ಇನ್ನೂ ಒತ್ತಿ ಕೇಳಿ, ಒಣಗಿಸುವಾಗ ಗುಳ್ಳೆ ಒಡೆಯಬಹುದು. ನೀರಿಗೆ ಹಾಕಿ ಬೆಳ್ಳಗಾಯಿತು ಅಂತ ತೋರಿಸುವ ವಿಡಿಯೋ ನಂಬಬೇಡಿ, ಲೆಸಿಥಿನ್ ಒಂದನ್ನೇ ಹಾಕಿದರೂ ನೀರು ಮಸುಕಾಗುತ್ತದೆ.

ಕಬ್ಬಿಣದ ಮಾತ್ರೆಯ ಕಥೆ ಬೇರೆ. ಅದರಿಂದ ಹೊಟ್ಟೆ ಉರಿ, ಮಲಬದ್ಧತೆ ಆಗುವವರು ಲಿಪೊಸೋಮಲ್ ರೂಪದ ಬಗ್ಗೆ ಡಾಕ್ಟರ ಹತ್ತಿರ ಕೇಳಬಹುದು. ಮೊದಲು ರಕ್ತ ಪರೀಕ್ಷೆ ಆಗಲಿ.

ನಿಮಗೆ ಹಿಂದೆ ಕಿಡ್ನಿ ಸ್ಟೋನ್ ಆಗಿದ್ದರೆ ಮಾತ್ರ ದಯವಿಟ್ಟು ಸ್ವಂತ ನಿರ್ಧಾರ ಬೇಡ. ಹೆಚ್ಚಾದ ವಿಟಮಿನ್ ಸಿಯಲ್ಲಿ ಒಂದು ಪಾಲು ಆಕ್ಸಲೇಟ್ ಆಗುತ್ತದೆ, ಹೆಚ್ಚಿನವರಲ್ಲಿ ಕಲ್ಲು ಕಟ್ಟುವುದು ಅದರಿಂದಲೇ. ಹೆಚ್ಚು ಹೀರಿಕೊಳ್ಳುತ್ತದೆ ಅನ್ನುವ ಬಾಟಲಿಯನ್ನು ಅಂಥವರು ಡಾಕ್ಟರಿಗೆ ತೋರಿಸದೆ ತೆರೆಯಲೇಬಾರದು.