ನೀರು ಬರುವ ಮುಂಚೆ ನೆರೆಕರೆ ಒಟ್ಟಾಗಲಿ

ಉಡುಪಿಯ ಗುಂಡಿಬೈಲಿನ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: "ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ನಾವಿಬ್ಬರೇ. ಟಿವಿಯಲ್ಲಿ ರೆಡ್ ಅಲರ್ಟ್ ಎನ್ನುತ್ತಾರೆ, ಆಮೇಲೆ ನಾವೇನು ಮಾಡಬೇಕೆಂದು ಯಾರೂ ಹೇಳುವುದಿಲ್ಲ. 2020ರ ಹಾಗೆ ಮತ್ತೆ ನೀರು ನುಗ್ಗಿದರೆ?"

ಮಾನ್ಯರೇ,

ನಿಮ್ಮ ಆತಂಕ ನ್ಯಾಯವಾದದ್ದು. ರೆಡ್ ಅಲರ್ಟ್ ಅಂದರೆ 24 ಗಂಟೆಗಳಲ್ಲಿ 204.4 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳಬಹುದೆಂಬ ಎಚ್ಚರಿಕೆ. ಅದು ಇಡೀ ಜಿಲ್ಲೆಯ ಮಾತು. ನಿಮ್ಮ ಬದಿಯ ತೋಡು, ಅಂದರೆ ಸಣ್ಣ ಹಳ್ಳ, ಯಾವಾಗ ಉಕ್ಕುತ್ತದೆಂದು ಅದು ತಿಳಿಸದು. ಘಟ್ಟದ ಬುಡದ ಮಳೆ ಸ್ವರ್ಣಾ ನದಿಯಲ್ಲಿ ಬೇಗನೆ ಇಳಿದುಬರುತ್ತದೆ. ಆ ಹೊತ್ತಿಗೆ ಕಡಲಲ್ಲಿ ಉಬ್ಬರವಿದ್ದರೆ ನದಿ ಕಡಲು ಸೇರುವ ಕೋಡಿಬೆಂಗ್ರೆಯ ಅಳಿವೆಯಲ್ಲಿ ನೀರು ಸಲೀಸಾಗಿ ಹೊರಹೋಗದು. ಆದ್ದರಿಂದ ಅಲರ್ಟಿನ ಜತೆ ಉಬ್ಬರದ ಹೊತ್ತನ್ನೂ ವಿಚಾರಿಸಿಕೊಳ್ಳಿ. ಮಲ್ಪೆಯ ಮೀನುಗಾರರಿಗೆ ಅದು ಬಾಯಿಪಾಠ.

2020ರ ಸೆಪ್ಟೆಂಬರ್ 20ರಂದು ಕಲ್ಸಂಕದ ಸುತ್ತ ನೀರು ಏರಿದಾಗ ಹಲವರಿಗೆ ಮೊದಲು ನೆರವಾದವರು ನೆರೆಕರೆಯವರೇ. ಕೇಂದ್ರದ ವಿಪತ್ತು ರಕ್ಷಣಾ ಪಡೆ ಎನ್‌ಡಿಆರ್‌ಎಫ್ ಎಷ್ಟೇ ಬೇಗ ಹೊರಟರೂ ಮೊದಲ ಕೆಲವು ಗಂಟೆ ಅಕ್ಕಪಕ್ಕದವರ ಕೈಯಲ್ಲೇ ಇರುತ್ತದೆ. ಹಾಗಾಗಿ ಒಂದು ಪಟ್ಟಿ ಬರೆಯಿರಿ: ಹಾಸಿಗೆ ಹಿಡಿದವರು ಯಾರು, ಇನ್ಸುಲಿನ್ ಯಾರಿಗೆ ಬೇಕು, ಡಯಾಲಿಸಿಸ್‌ಗೆ ಹೋಗುವವರು ಯಾರು, ಮಹಡಿ ಇರುವುದು ಯಾರ ಮನೆಗೆ, ದೂರದ ಮಕ್ಕಳ ಫೋನ್ ಸಂಖ್ಯೆ ಏನು. ಪಟ್ಟಿ ಕಾಗದದ ಮೇಲಿರಲಿ. ಕರೆಂಟು ಹೋದರೆ ಮೊಬೈಲ್ ಎಷ್ಟು ಹೊತ್ತು ಬಾಳೀತು?

ನನಗೆ ಹೆಚ್ಚು ಚಿಂತೆಯಾಗುವುದು ಹೊರಡಲು ಒಪ್ಪದ ಹಿರಿಯರದ್ದು. "ಬೆಳಗಾಗಲಿ, ನೋಡುವ" ಎನ್ನುತ್ತಾರೆ. ಮನೆ, ದನ, ದೇವರಕೋಣೆ ಬಿಟ್ಟು ನಡುರಾತ್ರಿ ಹೊರಡುವುದು ಸುಲಭವಲ್ಲ, ಬಲ್ಲೆ. ಆದರೆ ಕತ್ತಲಲ್ಲಿ ಹರಿಯುವ ನೀರಿಗಿಳಿಯುವುದು ಇನ್ನೂ ಅಪಾಯ. ಅದಕ್ಕೇ ಬಿಸಿಲಿರುವಾಗಲೇ ಒಪ್ಪಂದವಾಗಲಿ: ತೋಡಿನ ಸಂಕದ (ಕಿರುಸೇತುವೆಯ) ಇಂಥ ಕಲ್ಲಿಗೆ ನೀರು ಮುಟ್ಟಿದರೆ ಎಲ್ಲರೂ ಹೊರಡುವುದು, ಇಂಥ ಎತ್ತರದ ಮನೆಗೋ ಭಜನಾ ಮಂದಿರಕ್ಕೋ ಸೇರುವುದು. ನಿಮ್ಮಿಬ್ಬರನ್ನು ಕರೆದೊಯ್ಯುವವರು ಯಾರೆಂಬುದೂ ಆಗಲೇ ನಿಶ್ಚಯವಾಗಲಿ.

ಹೊರಡುವಾಗ ಮೈನ್ ಸ್ವಿಚ್, ಗ್ಯಾಸ್ ಬಂದ್ ಮಾಡಿ. ಮದ್ದು, ದಾಖಲೆ ಒಂದು ಪ್ಲಾಸ್ಟಿಕ್ ಚೀಲದಲ್ಲಿರಲಿ. ಜಿಲ್ಲಾ ಕಂಟ್ರೋಲ್ ರೂಮ್ 1077, ತುರ್ತು ಕರೆಗೆ 112. ನೀರಿಳಿದ ಮೇಲೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸದೆ, ಕುದಿಸದೆ ಕುಡಿಯಬೇಡಿ. ಕೆಸರುನೀರಿನಲ್ಲಿ ನಡೆದವರಿಗೆ ಜ್ವರ ಬಂದರೆ ಇಲಿಜ್ವರವಿರಬಹುದು. ಕೂಡಲೇ ವೈದ್ಯರಲ್ಲಿಗೆ ಹೋಗಲಿ.

ಮೇ ತಿಂಗಳ ಒಂದು ಭಾನುವಾರ ಯುವಕ ಮಂಡಲದ ಹುಡುಗರನ್ನೂ ಮಹಿಳಾ ಮಂಡಲದವರನ್ನೂ ನಿಮ್ಮ ಅಂಗಳಕ್ಕೇ ಕರೆಯಿರಿ. ನಗರಸಭೆಯವರೂ ಬರಲಿ, ತೋಡಿನ ಹೂಳೆತ್ತುವುದು ಯಾವಾಗ ಎಂದು ಎಲ್ಲರ ಎದುರೇ ಕೇಳಿ.

– ಸಂಪಾದಕ